ಲಕ್ವ ಹೊಡೆದರೆ ಮಂಚ ಬೇರೆಯಾಗಬೇಕೇ?

ಲಕ್ವ ಹೊಡೆದವರು ಆಸ್ಪತ್ರೆಯಿಂದ ಬರುವ ಹೊತ್ತಿಗೆ ನಡುಮನೆಯಲ್ಲಿ ಒಂಟಿ ಮಂಚ ಸಿದ್ಧವಾಗಿರುತ್ತದೆ. ಹೆಂಡತಿಗೆ ಕೆಳಗೆ ಚಾಪೆ. ಬಿಪಿ, ಸಕ್ಕರೆ, ಫಿಸಿಯೋಥೆರಪಿ ಎಂದು ನೂರು ಪ್ರಶ್ನೆ ಕೇಳುವ ದಂಪತಿ ಹಾಸಿಗೆ ಹಂಚಿಕೊಳ್ಳುವ ಈ ಒಂದು ವಿಷಯ ಎತ್ತುವುದಿಲ್ಲ. ಎಷ್ಟೋ ಡಾಕ್ಟರೂ ಎತ್ತುವುದಿಲ್ಲ.

ತಪ್ಪು ಕಲ್ಪನೆ: ಕೂಡಿದರೆ ಮತ್ತೆ ಲಕ್ವ ಹೊಡೆಯುತ್ತದೆ.
ವಾಸ್ತವ: ಬಿಪಿ ಹತೋಟಿಯಲ್ಲಿದ್ದು ಚೇತರಿಸಿಕೊಂಡವರಿಗೆ ಆ ಅಪಾಯ ತೀರಾ ಕಡಿಮೆ. ಆಗುವ ಆಯಾಸ ಎರಡು ಮಹಡಿ ಮೆಟ್ಟಿಲು ಹತ್ತಿದಷ್ಟೇ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದವರು, ಹೃದ್ರೋಗಿಗಳು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ತಪ್ಪು ಕಲ್ಪನೆ: ಆಸೆ ಹೋಯಿತೆಂದರೆ ಹೋಯಿತು.
ವಾಸ್ತವ: ಹೋದದ್ದು ಯಾಕೆ ಎಂದು ಹುಡುಕಬೇಕು. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಬಿಪಿಯ ಕೆಲವು ಮಾತ್ರೆಗಳೂ, ಖಿನ್ನತೆಗೇ ಕೊಡುವ ಕೆಲವು ಮಾತ್ರೆಗಳೂ ಆಸೆಯನ್ನು ಕುಗ್ಗಿಸುತ್ತವೆ. ವೈದ್ಯರು ಅವನ್ನು ಬದಲಿಸಬಲ್ಲರು, ನೀವಾಗಿ ನಿಲ್ಲಿಸಬೇಡಿ. ಇನ್ನು ಕೆಲವೊಮ್ಮೆ ಕಾರಣ ತೀರಾ ಸಣ್ಣದು. ಹೆಂಡತಿ ಗಂಡನ ಎಡತೋಳಿನ ಮೇಲೆ ಕೈಯಿಡುತ್ತಾಳೆ. ಜೋಮು ಹಿಡಿದ ತೋಳಿಗೆ ಅದು ತಿಳಿಯುವುದೇ ಇಲ್ಲ. ಅವನು ಅಲ್ಲಾಡುವುದಿಲ್ಲ, ಅವಳು ಆ ಕಡೆ ತಿರುಗಿ ಮಲಗುತ್ತಾಳೆ. ಅವನ ಬಲಮಗ್ಗುಲಿಗೆ ಬಂದಿದ್ದರೆ ಸಾಕಿತ್ತು! ಹಗಲೆಲ್ಲ ಮೈ ಒರೆಸಿ ತುತ್ತು ಕೊಟ್ಟವಳಿಗೆ ರಾತ್ರಿ ದಾದಿಯ ಪಾತ್ರ ಕಳಚುವುದೂ ಸುಲಭವಲ್ಲ. ಸ್ನಾನ ಮಾಡಿಸುವ ಕೆಲಸವನ್ನಾದರೂ ಮಗನೋ ಬೇರೆ ಯಾರೋ ವಹಿಸಿಕೊಳ್ಳಲಿ.

ತಪ್ಪು ಕಲ್ಪನೆ: ಈ ವಯಸ್ಸಿನಲ್ಲಿ ಯಜಮಾನರಿಗೆ ಚಪಲ ಹತ್ತಿದೆ.
ವಾಸ್ತವ: ಅಪರೂಪಕ್ಕೆ, ಗಂಭೀರವಾಗಿದ್ದವರೇ ದಾದಿಯ ಎದುರು ಅಸಭ್ಯ ಮಾತಾಡುತ್ತಾರೆ, ಕೈ ಹಿಡಿದೆಳೆಯುತ್ತಾರೆ. ಮನೆಯವರು ನಾಚಿ ಬಾಗಿಲು ಹಾಕಿಕೊಳ್ಳುತ್ತಾರೆ. ಮಿದುಳಿನ ಮುಂಭಾಗಕ್ಕೋ ಪಕ್ಕದ ಭಾಗಕ್ಕೋ ಪೆಟ್ಟಾದರೆ ಮನಸ್ಸಿನ ಕಡಿವಾಣ ಸಡಿಲವಾಗುತ್ತದೆ. ಇದು ನಡತೆಗೇಡಲ್ಲ, ಕಾಯಿಲೆಯ ಲಕ್ಷಣ. ಹಾಗೆಂದು ಸಹಿಸಿಕೊಂಡಿರಬೇಕಿಲ್ಲ. ಬೈಯದೆ, ನಗದೆ, ಗಟ್ಟಿಯಾಗಿ ‘ಬೇಡ’ ಎನ್ನಿ. ನರರೋಗ ತಜ್ಞರಿಗೂ ಮನೋವೈದ್ಯರಿಗೂ ಮುಚ್ಚಿಡದೆ ಹೇಳಿ.

ತಪ್ಪು ಕಲ್ಪನೆ: ಮೆಡಿಕಲ್ ಶಾಪಿನ ವಯಾಗ್ರ ನುಂಗಿದರಾಯಿತು.
ವಾಸ್ತವ: ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಅದು ಸೇರಿದರೆ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಚೀಟಿಯಿಲ್ಲದೆ ಬೇಡ.

ಹೆಂಗಸರಿಗೆ ಲಕ್ವವಾದಾಗ ಈ ಪ್ರಶ್ನೆ ಕೇಳುವವರು ಇನ್ನೂ ಕಡಿಮೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟಿಸುವ ಅಪಾಯ ಹೆಚ್ಚಿಸುವುದರಿಂದ ಅವರು ಅದನ್ನು ತೆಗೆದುಕೊಳ್ಳಬಾರದು. ಬೇರೆ ವಿಧಾನಗಳಿವೆ, ಮುಂದಿನ ತಪಾಸಣೆಯಲ್ಲಿ ಕೇಳಿ.