ಲಾವಣಿಗೆ ಇರುವ ಶಿಸ್ತು ಬಾಡಿಗೆ ಮನೆಗೂ ಬರಲಿ

ಗದಗ ತಾಲ್ಲೂಕಿನ ಅಂತೂರ ಬೆಂತೂರದಂಥ ಎರೆಭೂಮಿಯ ಊರುಗಳಲ್ಲಿ ಯುಗಾದಿ ಬಂತೆಂದರೆ ಹೊಲದ ಲಾವಣಿಯ, ಅಂದರೆ ಗುತ್ತಿಗೆಯ ಮಾತು ಶುರುವಾಗುತ್ತದೆ. ಎಕರೆಗೆ ಎಷ್ಟು ಎಂಬುದು ಹಿರಿಯರ ಎದುರು ಒಮ್ಮೆ ತೀರ್ಮಾನವಾದರೆ ಮುಂದಿನ ಯುಗಾದಿವರೆಗೆ ಅದೇ ಮಾತು. ಕಡಲೆ ಚೆನ್ನಾಗಿ ಬಂತೆಂದು ನಡುವೆ ಲಾವಣಿ ಏರಿಸುವುದು ಮರ್ಯಾದೆಯಲ್ಲ.

ಅದೇ ಊರಿನ ಕುಟುಂಬ ಮಕ್ಕಳ ಓದಿಗೆಂದು ಗದಗ-ಬೆಟಗೇರಿಯಲ್ಲಿ ಮನೆ ಹಿಡಿದಾಗ ಈ ಶಿಸ್ತು ತಪ್ಪುತ್ತದೆ. ‘ಬರೋ ತಿಂಗಳಿಂದ ಐನೂರು ಹೆಚ್ಚಿಗಿ ಕೊಡ್ರಿ, ಆಗದಿದ್ರ ಮನಿ ಬಿಡ್ರಿ’ ಎಂಬ ಮಾತು ವರ್ಷದಲ್ಲಿ ಎರಡು ಸಲ ಬಂದರೆ, ಸುಗ್ಗಿಯಲ್ಲಷ್ಟೇ ರೊಕ್ಕ ಕಾಣುವ ಮನೆ ಏನು ಮಾಡಬೇಕು?

ಕರಾರೇ ಕಾವಲು

ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇದೆ ನಿಜ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇಂದಿನ ಬಹುತೇಕ ಮನೆಗಳು ಈ ಮಿತಿಯ ಹೊರಗಿವೆ. ಅವಕ್ಕೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಮತ್ತು ಇಬ್ಬರೂ ಸಹಿ ಮಾಡಿದ ಕರಾರುಪತ್ರವೇ ಆಧಾರ.

ಕರಾರಿನಲ್ಲಿ 11 ತಿಂಗಳ ಅವಧಿ, ಇಂತಿಷ್ಟು ಬಾಡಿಗೆ ಎಂದು ಬರೆದಿದ್ದರೆ, ಏರಿಕೆಯ ಷರತ್ತಿಲ್ಲದೆ ನಡುವೆ ಮಾಲೀಕರೊಬ್ಬರೇ ಅದನ್ನು ಏರಿಸಲಾಗದು. ಕಾಗದವೇ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆ; 15 ದಿನಗಳ ನೋಟಿಸು ಕೊಟ್ಟು ಅದನ್ನು ಮುಗಿಸಬಹುದು. ಬಾಯಿಮಾತು ನಂಬಿದವರು ಸೋಲುವುದು ಇಲ್ಲಿಯೇ.

ಆದ್ದರಿಂದ ಏರಿಕೆಯ ಪ್ರಮಾಣವನ್ನು ಮನೆ ಹಿಡಿಯುವಾಗಲೇ ಬರೆಸಿ. 5,000 ರೂಪಾಯಿ ಬಾಡಿಗೆ ಶೇ 5ರಂತೆ ಮೂರು ಸಲ ಏರಿದರೆ ಸುಮಾರು 5,788 ಆಗುತ್ತದೆ. ಶೇ 10ರಂತೆ ಏರಿದರೆ 6,655. ಸಹಿ ಹಾಕುವ ದಿನ ಸಣ್ಣದಾಗಿ ಕಂಡ ಅಂತರ ಮುಂದೆ ತಿಂಗಳಿಗೆ 867 ರೂಪಾಯಿಯ ಹೊರೆ.

ಏರಿಕೆಯ ಮಾತು ಬಂದಾಗ

ಜಗಳಕ್ಕೆ ಇಳಿಯಬೇಡಿ, ಬಾಡಿಗೆ ನಿಲ್ಲಿಸಲೂಬೇಡಿ. ಬಾಕಿ ಉಳಿಸಿಕೊಂಡರೆ ತಪ್ಪು ನಿಮ್ಮ ಮೇಲೆಯೇ ಬರುತ್ತದೆ. ಒಪ್ಪಿದ ಮೊತ್ತವನ್ನು ಬ್ಯಾಂಕ್ ಮೂಲಕ ಇಲ್ಲವೇ ಫೋನ್‌ಪೇಯಲ್ಲಿ ಸಮಯಕ್ಕೆ ಕಳಿಸಿ. ನಗದು ಕೊಟ್ಟರೆ ರಸೀದಿ ಕೇಳಿ. ಅಕ್ಕಪಕ್ಕದ ಮನೆಗಳ ಬಾಡಿಗೆ ವಿಚಾರಿಸಿ, ಸೋರುವ ಮಾಳಿಗೆ, ಬಾರದ ನೀರಿನ ವಿಷಯವನ್ನೂ ಮಾತುಕತೆಗೆ ತನ್ನಿ. ಏರಿಕೆಯನ್ನು ಸುಗ್ಗಿಯ ನಂತರಕ್ಕೆ ಇಡಿಸಿಕೊಳ್ಳಿ.

ಮಾಲೀಕರಿಗೂ ಮನೆ ತೆರಿಗೆ, ರಿಪೇರಿ, ಸಾಲದ ಕಂತು ಇರುತ್ತವೆ. ಆ ಲೆಕ್ಕ ಕೇಳಿ ಮಾತಾಡಿದರೆ ಒಪ್ಪಂದ ಹತ್ತಿರವಾಗುತ್ತದೆ. ಆದರೆ ಬೀಗ ಜಡಿದು ಹೊರಹಾಕುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಕಲಂ ಅಡಿ ಆರು ತಿಂಗಳೊಳಗೆ ಸಿವಿಲ್ ದಾವೆ ಹೂಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಒಬ್ಬರೇ ಹೋಗಬೇಡಿ

1905ರಲ್ಲಿ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಸಹಕಾರ ಸಂಘ ಕಟ್ಟಿದರು. ಸಾಲಕ್ಕಾಗಿ ಒಬ್ಬೊಬ್ಬರೇ ಕೈಚಾಚಿ ನಿಲ್ಲುತ್ತಿದ್ದವರು ಕೂಡಿ ನಿಂತಾಗ ದಾರಿ ತೆರೆಯಿತು. ಒಂದೇ ವಠಾರದ ನಾಲ್ಕು ಮನೆಯವರು ಒಟ್ಟಿಗೆ ಹೋಗಿ, ‘ವರ್ಷಕ್ಕೊಮ್ಮೆ ಏರಿಸ್ರಿ, ಎಷ್ಟಂತ ಈಗ ಬರದು ಕೊಡ್ರಿ’ ಎಂದು ಕೇಳುವುದೂ ಅದೇ ದಾರಿ. ಹೊಲಕ್ಕೆ ಸಲ್ಲುವ ಮಾತಿನ ಮರ್ಯಾದೆ ಮನೆಗೂ ಸಲ್ಲಬೇಕು.