ಫ್ರಿಜ್ಜಿನ ಅಂಕಿ, ಅನ್ನದ ಉಷ್ಣತೆ

ಬೆಂಗಳೂರಿನ ದಕ್ಷಿಣಕ್ಕೆ, ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ, ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಕಾರ್ಖಾನೆಗಳು ಮೊದಲ್ಗೊಂಡು ನಾನಾ ಬಗೆಯ ಉದ್ಯಮಗಳಿವೆ. ಇಂಥಲ್ಲಿ ಪಾಳಿಯ ಮೇಲೆ ದುಡಿಯುವ ನೂರಾರು ಜನಕ್ಕೆ ಒಂದೇ ಅಡುಗೆಮನೆಯಿಂದ ಊಟ ಒದಗಬೇಕಾದಾಗ ಫ್ರಿಜ್ಜು ಅತ್ಯಾವಶ್ಯಕವಾದ ಸಾಧನವಾಗುತ್ತದೆ. ಅದರ ಬಾಗಿಲಿನ ಮೇಲೆ 4 ಡಿಗ್ರಿ ಎಂಬ ಅಂಕಿ ಕಂಡೊಡನೆ ಒಳಗಿರುವ ಆಹಾರವೆಲ್ಲ ಸುರಕ್ಷಿತವೆಂದು ನಾವು ಭಾವಿಸುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ?

ಮೊದಲು ಅಪಾಯದ ಸ್ವರೂಪವನ್ನು ನೋಡೋಣ. ಬೇಯಿಸಿದ ಆಹಾರವನ್ನು ಬಿಸಿಯಾಗಿಟ್ಟರೆ 60 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲೆ, ತಣ್ಣಗಿಟ್ಟರೆ 5 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಪ್ರಕಟಿಸಿದ ಸೂತ್ರಗಳು ಹೇಳುತ್ತವೆ. ಇವೆರಡರ ನಡುವಣ ಉಷ್ಣತೆಯಲ್ಲಿ ಬ್ಯಾಕ್ಟೀರಿಯಗಳು ಬೇಗ ವೃದ್ಧಿಯಾಗಬಲ್ಲವು. ಅಕ್ಕಿಯಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುವಾಗ ಅವು ಮೊಳೆತು, ಹೆಚ್ಚಿ, ವಾಂತಿ ತರಿಸುವ ವಿಷವನ್ನು ಉತ್ಪತ್ತಿಮಾಡಬಲ್ಲವು. ಈ ವಿಷವು ಶಾಖಕ್ಕೆ ಬಗ್ಗುವಂಥದಲ್ಲ. ಮಧ್ಯಾಹ್ನ ಮಿಕ್ಕ ಅನ್ನವನ್ನು ಮರುದಿನ ಬಿಸಿ ಒಗ್ಗರಣೆಗೆ ಹಾಕಿ ಚಿತ್ರಾನ್ನ ಮಾಡಿದರೂ ಅದು ಉಳಿದೇ ಇರುತ್ತದೆ.

ಬಾಗಿಲಿನ ಅಂಕಿ ಸಾಮಾನ್ಯವಾಗಿ ತಿಳಿಸುವುದು ಒಳಗಿನ ಗಾಳಿಯ ಉಷ್ಣತೆಯನ್ನು. ಒಂದು ಘನ ಮೀಟರು ಗಾಳಿಯನ್ನು ಒಂದು ಡಿಗ್ರಿ ತಣಿಸಲು ಸುಮಾರು 1.2 ಕಿಲೋಜೂಲ್ ಶಾಖವನ್ನು ಹೊರತೆಗೆದರೆ ಸಾಕು. ಒಂದೇ ಒಂದು ಲೀಟರು ನೀರಿಗಾದರೋ 4.2 ಕಿಲೋಜೂಲ್ ಬೇಕು. ಆದುದರಿಂದ ಬಾಗಿಲು ತೆರೆದಾಗ ಗಾಳಿಯ ಅಂಕಿ ಥಟ್ಟನೆ ಏರುತ್ತದೆ, ಮುಚ್ಚಿದ ಮೇಲೆ ಬೇಗನೆ ಇಳಿಯುತ್ತದೆ. ಹುಳಿಯ ಪಾತ್ರೆಯಲ್ಲಿ ಅಷ್ಟರಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗಿರುವುದಿಲ್ಲ.

ಅನ್ನದ ವಿಷಯ ಇನ್ನೂ ಕಠಿನ. ಹುಳಿಯನ್ನು ಕದಡಬಹುದು, ಅನ್ನದ ಒಡಲಿನ ಶಾಖವಾದರೋ ಬಹುಮಟ್ಟಿಗೆ ವಹನದಿಂದಲೇ ಹೊರಬರಬೇಕು. ವಹನಕ್ಕೆ ಬೇಕಾದ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 20 ಸೆಂಟಿಮೀಟರು ಆಳದ ರಾಶಿಯನ್ನು 5 ಸೆಂಟಿಮೀಟರಿಗೆ ಹರಡಿದರೆ, ಒಳಗಿನ ವಹನವನ್ನಷ್ಟೇ ಗಣಿಸಿದಾಗ, ಹದಿನಾರನೆಯ ಒಂದು ಪಾಲು ಕಾಲ ಸಾಕು. ದೊಡ್ಡ ಪಾತ್ರೆಯಲ್ಲಿ ಒತ್ತಿ ತುಂಬಿದ ಬಿಸಿ ಅನ್ನದ ನಡುಭಾಗವು, ಬಾಗಿಲಿನಲ್ಲಿ 4 ಡಿಗ್ರಿ ಎಂದಿರುವಾಗಲೇ, ಗಂಟೆಗಟ್ಟಲೆ ಬೆಚ್ಚಗಿರುವುದು ಈ ಕಾರಣದಿಂದ.

ಹಾಗಾದರೆ ಮಾಡಬೇಕಾದುದೇನು? ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಎರಡು ಗಂಟೆ ಮೀರದಂತೆ ಫ್ರಿಜ್ಜಿಗೆ ಸೇರಿಸಬೇಕು. ಹೊಸದಾಗಿ ಇಟ್ಟ ಪದಾರ್ಥದ ನಟ್ಟನಡುವೆ ಶುಚಿಯಾದ ಉಷ್ಣಮಾಪಕದ ಕಡ್ಡಿಯನ್ನು ಚುಚ್ಚಿ ನೋಡಬೇಕು. ಆಗಲೇ ತಣಿದಿರುವ ಆಹಾರದ ಸ್ಥಿತಿಯನ್ನು ತಿಳಿಯಲು ನೀರು ತುಂಬಿದ ಒಂದು ಸೀಸೆಯಲ್ಲಿ ಮತ್ತೊಂದು ಉಷ್ಣಮಾಪಕವನ್ನು ಮುಳುಗಿಸಿಟ್ಟರೆ, ಅದು ಗಾಳಿಯ ಚಾಂಚಲ್ಯಕ್ಕೆ ಒಳಗಾಗದೆ ಆಹಾರದಂತೆಯೇ ನಿಧಾನವಾಗಿ ಬದಲಾಗುತ್ತದೆ. ಅಂಕಿಗಳನ್ನು ತಾನಾಗಿ ದಾಖಲಿಸಿ ಫೋನಿಗೆ ಕಳುಹಿಸುವ ಯಂತ್ರಗಳು ಈಗ ದೊರೆಯುತ್ತವೆ. ಆದರೆ ಅವುಗಳ ಕಡ್ಡಿಯೂ ಗಾಳಿಯಲ್ಲೇ ತೂಗುತ್ತಿದ್ದರೆ ಅವು ಹೇಳುವುದೂ ಗಾಳಿಯ ಸುದ್ದಿಯನ್ನೇ.

ಉಷ್ಣಮಾಪಕವನ್ನೂ ಪರೀಕ್ಷಿಸುತ್ತಿರಬೇಕು. ಬೆಂಗಳೂರಿನ ಪ್ರದೇಶವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕುದಿನೀರು 100 ತೋರಿಸಲಿಲ್ಲವೆಂದು ಉಪಕರಣವನ್ನು ದೂರಬಾರದು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಡ್ಡಿಯನ್ನು ಅದ್ದಿದರೆ 0 ಡಿಗ್ರಿ ಕಾಣಬೇಕು. ಈ ಪರೀಕ್ಷೆಗೆ ಊರಿನ ಎತ್ತರ ಅಡ್ಡಬರುವುದಿಲ್ಲ.

ದಿನದಿನದ ದಾಖಲೆ ಪುಸ್ತಕದಲ್ಲಿ ಬಾಗಿಲಿನ ಅಂಕಿಯ ಪಕ್ಕಕ್ಕೆ ಅನ್ನದ ನಡುಭಾಗದ ಉಷ್ಣತೆಗೂ ಒಂದು ಕಲಂ ಇರಲಿ. ಉಣ್ಣುವವರ ಹೊಟ್ಟೆಗೆ ಹೋಗುವುದು ಅನ್ನವೇ ಹೊರತು ಫ್ರಿಜ್ಜಿನ ಗಾಳಿಯಲ್ಲವಷ್ಟೆ.