ಹೊಗೆಯ ಚೀಟಿಯೂ ಎಂಜಿನ್ನಿನ ರೋಗವೂ

ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ 15 ವರ್ಷ ದಾಟಿದ ಕಾರುಗಳನ್ನು ಇಟ್ಟುಕೊಂಡಿರುವ ಗೃಹಸ್ಥರು ಅನೇಕರಿದ್ದಾರೆ. ನೋಂದಣಿಯನ್ನು ಇನ್ನೈದು ವರ್ಷಕ್ಕೆ ಮುಂದುವರಿಸಬೇಕಾದಾಗ ಹೊಗೆ ತಪಾಸಣೆಯಲ್ಲಿ ಗಾಡಿ ತಪ್ಪಿತೆಂದರೆ, ಅವರು ಮೊದಲು ಕೇಳುವುದು “ದೋಷವೆಲ್ಲಿದೆ?” ಎಂದಲ್ಲ, “ಚೀಟಿ ಹೇಗೆ ದೊರೆತೀತು?” ಎಂದು. ಕಾನೂನು ಪರಕೀಯರು ಹೇರಿದ್ದಲ್ಲ, ನಾವೇ ಮಾಡಿಕೊಂಡದ್ದು. ಅದನ್ನು ವಂಚಿಸುವುದು ನಮ್ಮ ಮಕ್ಕಳ ಉಸಿರನ್ನೇ ವಂಚಿಸಿದಂತೆ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಭಾರತ್ ಸ್ಟೇಜ್ 2ಕ್ಕೆ ಹಿಂದಿನ ಪೆಟ್ರೋಲ್ ಕಾರಿನಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡ 3ನ್ನೂ, 2 ಮತ್ತು 3ನೆಯ ಸ್ಟೇಜುಗಳದರಲ್ಲಿ ಶೇಕಡ 0.5ನ್ನೂ ಮೀರಕೂಡದು. ಹೈಡ್ರೋಕಾರ್ಬನ್ನಿನ ಮಿತಿ ಕ್ರಮವಾಗಿ 1500 ಮತ್ತು 750 ಪಿ.ಪಿ.ಎಂ. ಚೀಟಿಯಲ್ಲಿ ಅಚ್ಚಾಗುವ ಈ ಎರಡು ಅಂಕಿಗಳೇ ರೋಗನಿದಾನದ ಕೀಲಿಕೈ. ಓದುವವರು ಮಾತ್ರ ವಿರಳ!

ಮಾನಾಕ್ಸೈಡು ಹೆಚ್ಚಿದ್ದರೆ ಪೆಟ್ರೋಲಿಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲವೆಂದು ಅರ್ಥ. ಸುಗ್ಗಿಯ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಗಳನ್ನೇ ಕಣವಾಗಿಸಿ ರಾಗಿ, ಹುರುಳಿ ಹರಡುವುದುಂಟು. ಆ ಧೂಳು ತುಂಬಿದ ಏರ್ ಫಿಲ್ಟರು, ಅರೆತೆರೆದೇ ನಿಂತ ಚೋಕು, ಕಾರ್ಬುರೇಟರಿನಲ್ಲಿ ಮಟ್ಟ ತಪ್ಪಿದ ಫ್ಲೋಟು, ಇವನ್ನು ಮೊದಲು ನೋಡತಕ್ಕದ್ದು. ಮಾನಾಕ್ಸೈಡು ಸರಿಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಕಿಡಿ ತಪ್ಪುತ್ತಿರುವ ಶಂಕೆ: ಪ್ಲಗ್ಗು, ಅದರ ತಂತಿಗಳು. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಪಿಸ್ಟನ್ ರಿಂಗುಗಳನ್ನೋ ವಾಲ್ವಿನ ಸೀಲುಗಳನ್ನೋ ಬದಲಿಸದೆ ಗತಿಯಿಲ್ಲ.

ಕ್ಯಾಟಲಿಟಿಕ್ ಕನ್ವರ್ಟರುಳ್ಳ ಕಾರುಗಳಲ್ಲಿ ಒಂದು ದುಬಾರಿ ಪ್ರಮಾದ ನಡೆಯುತ್ತದೆ. ಗಾಡಿ ತಪಾಸಣೆಯಲ್ಲಿ ತಪ್ಪಿದೊಡನೆ ಕನ್ವರ್ಟರನ್ನೇ ಬದಲಿಸುತ್ತಾರೆ. ಆದರೆ ಕಿಡಿ ತಪ್ಪಿ ಉರಿಯದೆ ಬಂದ ಪೆಟ್ರೋಲು ಅದರೊಳಗೆ ಉರಿದು ಹೊಸದನ್ನೂ ಕರಗಿಸಿಬಿಡುತ್ತದೆ. ಆದ್ದರಿಂದ ಮೊದಲು ಕಿಡಿ, ಬಳಿಕ ಆಕ್ಸಿಜನ್ ಸೆನ್ಸರು, ಕಡೆಗೆ ಕನ್ವರ್ಟರು. ಕೆಲವರು ಅದರ ಒಳಗನ್ನು ಒಡೆದು ಬರಿದು ಮಾಡಿ ಹೊರಚಿಪ್ಪನ್ನು ಉಳಿಸಿಕೊಳ್ಳುತ್ತಾರೆ. ಇದು ದುರಸ್ತಿಯಲ್ಲ, ಮೋಸ.

ತಪಾಸಣೆಗೆ ಹೋಗುವಾಗ ಕಾರ್ಬುರೇಟರಿನ ತಿರುಪನ್ನು ತಿರುಗಿಸಿ, ಮನೆಗೆ ಬಂದು ಮತ್ತೆ ಹಿಂದಿನಂತೆ ಇಡುವ ಜಾಣರೂ ಇದ್ದಾರೆ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಾಳಿ ಬೆರೆತು ಅಂಕಿ ಸುಳ್ಳಾಗಿ ಇಳಿಯುತ್ತದೆ. ಎಂಜಿನ್ ಕಾಯುವ ಮುನ್ನ ಪರೀಕ್ಷಿಸಿದರೆ ಒಳ್ಳೆಯ ಗಾಡಿಯೂ ತಪ್ಪೀತು. ತಪಾಸಣೆ ಕೇಂದ್ರದವರು ಇವೆರಡನ್ನೂ ಮೊದಲೇ ನೋಡಿಕೊಂಡು, ಅಂಕಿಗಳನ್ನು ಮಾಲೀಕನ ಎದುರಿಗೆ ಓದಿ ಹೇಳುವಂತೆ ಸಾರಿಗೆ ಅಧಿಕಾರಿಗಳು ಕಟ್ಟುಮಾಡಲಿ. ಸರ್ಕಾರಿ ಜೀಪುಗಳನ್ನು ಆ ಸಾಲಿನಲ್ಲಿ ಮೊದಲು ನಿಲ್ಲಿಸಲಿ.